ಮಂಡೂಕಪ್ಪನ ಕೊನೆಯ ಪತ್ರ

ಯಾವ ವಸ್ತು ಕೈಕೊಟ್ಟರೂ ಮೊದಲು ಅದನ್ನು ಬಾಯಿಯ ಹತ್ತಿರ ತಂದು 'ಉಫ್' ಎಂದು ಊದುವುದು ನನ್ನ ಅಭ್ಯಾಸ. ಟಿವಿ ರಿಮೋಟು, ಆಫೀಸಿನ ಪೆನ್‌ಡ್ರೈವು, ಗ್ಯಾಸಿನ ಲೈಟರು, ಹೆಂಡತಿಯ ಮಿಕ್ಸಿ, ಯಾವುದನ್ನೂ ಬಿಟ್ಟವನಲ್ಲ. ಮೊನ್ನೆ ಗಾಂಧಿಬಜಾರಿನ ಅಂಗಡಿಯೊಂದರಲ್ಲಿ ನನ್ನ ಕಾರ್ಡನ್ನು ಯಂತ್ರ ಒಪ್ಪಲಿಲ್ಲ. ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು, ಅಂಚಿಗೆ ಎರಡು ಸಲ ಊದಿ, ಅಂಗಿಗೆ ಒರೆಸಿ ಮತ್ತೆ ಕೊಟ್ಟೆ. ಕೌಂಟರಿನಲ್ಲಿದ್ದಾಕೆ ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, "ಸಾರ್, ನೆಟ್‌ವರ್ಕ್ ಇಲ್ಲ, ಅಷ್ಟೇ" ಎಂದಳು. ಜೊತೆಗೆ ಬಂದಿದ್ದ ನನ್ನ ಮಗಳು ಮೇಘಾ ಅಷ್ಟರಲ್ಲಿ ನಾಲ್ಕು ಹೆಜ್ಜೆ ಆಚೆ ಸರಿದು, ಯಾರದೋ ಮನೆಯ ಮಗಳಂತೆ ಟವೆಲ್ಲುಗಳನ್ನು ನೋಡುತ್ತಾ ನಿಂತಿದ್ದಳು. ಆದರೂ ನೋಡಿ, ಮರುಸಲ ಕಾರ್ಡು ನಡೆಯಿತು. ಊದಿದ್ದಕ್ಕೇ ನಡೆಯಿತೆಂದು ನನ್ನ ವಾದ.

ನನ್ನ ವಯಸ್ಸಿನವರಿಗೆ ಈ ಊದುವಿಕೆಯ ಮೂಲ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಟಿವಿಗೆ ವೈರು ಸಿಕ್ಕಿಸಿ ಆಡುವ ಒಂದು ಪೆಟ್ಟಿಗೆ ಬಂದಿತ್ತು. ನಾವು ಅದನ್ನು ಟಿವಿ ಗೇಮ್ ಎನ್ನುತ್ತಿದ್ದೆವು. ಅದರ ನೆತ್ತಿಯ ಸೀಳಿನೊಳಗೆ ಅಂಗೈಯಗಲದ ಪ್ಲಾಸ್ಟಿಕ್ ಕ್ಯಾಸೆಟ್ಟನ್ನು ತುರುಕಬೇಕು. ಒಂದು ಕ್ಯಾಸೆಟ್ಟಿಗೆ ಒಂದು ಆಟ. ಕ್ಯಾಸೆಟ್ಟಿನ ಬುಡದಲ್ಲಿ ಹಿತ್ತಾಳೆ ಬಣ್ಣದ ಹಲ್ಲುಗಳ ಸಾಲು. ಹಲ್ಲಿಗೆ ಧೂಳು ಹಿಡಿದರೆ ಪರದೆಯ ಮೇಲೆ ಆಟದ ಬದಲು ಬರೀ ಕಲಸುಮೇಲೋಗರ. ಆಗ ಕೀಳುವುದು, ಊದುವುದು, ಮತ್ತೆ ತುರುಕುವುದು. ಊದಿದರೆ ಏನೂ ಉಪಯೋಗವಿಲ್ಲ, ಬಾಯಿಯ ತೇವಕ್ಕೆ ಹಲ್ಲು ಇನ್ನಷ್ಟು ಕೆಡುತ್ತದೆ ಎಂದು ಈಗ ತಿಳಿದವರು ಹೇಳುತ್ತಾರೆ. ಹೇಳಲಿ ಬಿಡಿ. ನಮಗೆ ನಡೆಯುತ್ತಿತ್ತು.

ಬಾಯಿಯ ತೇವದ ಪ್ರಶ್ನೆಯನ್ನು ಆ ತಿಳಿದವರಿಗಿಂತ ಎಷ್ಟೋ ಮೊದಲು ಎತ್ತಿದವರು ನಮ್ಮಜ್ಜಿ. ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ ಟಿವಿಯ ಮೇಲೇ ಸರಸ್ವತಿಯ ಪಟ ತೂಗುಹಾಕಿತ್ತು. ನಾನು ಮೊದಲ ಸಲ ಕ್ಯಾಸೆಟ್ಟು ಊದಿದಾಗ ಅಜ್ಜಿ ಅಡುಗೆಮನೆಯಿಂದಲೇ ಕೂಗಿದರು: "ಸರಸ್ವತಿ ಕೆಳಗೆ ನಿಂತ್ಕೊಂಡು ಎಂಜಲು ಹಾರಿಸ್ತೀಯೇನೋ ಮುಂಡೇದೆ!" ನಾನು ಅಳುಮುಖ ಮಾಡಿದೆ. ಅಜ್ಜಿ ಕಠಿಣ, ಆದರೆ ನ್ಯಾಯವಂತೆ. ಸ್ವಲ್ಪ ಯೋಚಿಸಿ ಒಲೆಯ ಪಕ್ಕದಿಂದ ಊದುಗೊಳವೆ ತಂದುಕೊಟ್ಟರು. ಕೊಳವೆಯಲ್ಲಿ ಊದಿದ ಗಾಳಿ ಅಗ್ನಿಗೇ ನಡೆಯುತ್ತದೆಂದ ಮೇಲೆ ಕ್ಯಾಸೆಟ್ಟಿಗೆ ನಡೆಯದೇ ಏನು ಎಂಬುದು ಅವರ ತೀರ್ಪು. ಹೀಗೆ ಇಡೀ ಬೆಂಗಳೂರಿನಲ್ಲಿ ಊದುಗೊಳವೆಯಿಂದ ಟಿವಿ ಗೇಮ್ ಆಡಿದ ಮನೆ ನಮ್ಮದೊಂದೇ ಇರಬೇಕು.

ಆ ಟಿವಿ ಗೇಮ್ ಮನೆಗೆ ತಂದವರು ನಮ್ಮ ಪದ್ಮತ್ತೆ, ಅಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಸೊನ್ನೆ ಕೊಡುವುದರಲ್ಲಿ ಅವರದು ಎತ್ತಿದ ಕೈಯಾದ್ದರಿಂದ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಸೊನ್ನೆ ಮಿಸ್ಸು. ಅವರು ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಗೋಲಿಯಾಡುತ್ತಿದ್ದ ಹುಡುಗರು ಗೋಲಿ ಬಿಟ್ಟು ಓಡುತ್ತಿದ್ದರು. ಮದುವೆಯ ಮಾತೆತ್ತಿದವರಿಗೆಲ್ಲ "ನೋಡೋಣ" ಎನ್ನುತ್ತಾ ಬಂದು, ನಮ್ಮೊಡನೆಯೇ ಸುಖವಾಗಿ ಉಳಿದುಬಿಟ್ಟಿದ್ದರು. ಮನೆಯಲ್ಲಿ ನಾವೆಲ್ಲ ಅವರಿಗೆ 'ನೀವು' ಎನ್ನುತ್ತಿದ್ದೆವು, ಕೋಪ ಬಂದ ದಿನ ಅಜ್ಜಿ ಕೂಡ ತಮ್ಮ ಸ್ವಂತ ಮಗಳಿಗೆ "ತಾವು ಊಟಕ್ಕೆ ಬರ್ತೀರೋ?" ಎಂದು ಕೇಳುತ್ತಿದ್ದರು.

ಟಿವಿ ಗೇಮ್ ನನಗೆಂದೇ ಬಂದದ್ದು. ಗಣಿತದಲ್ಲಿ ಪಾಸಾಗಿದ್ದಕ್ಕೆ ಬಹುಮಾನ. ಆದರೆ ಒಂದು ಸಂಜೆ ಶಾಲೆಯಿಂದ ಬಂದ ಅತ್ತೆ, ಕಾಫಿ ಲೋಟ ಹಿಡಿದು ನನ್ನ ಪಕ್ಕ ಕೂತು, "ಎಲ್ಲಿ, ಕೊಡಿಲ್ಲಿ" ಎಂದು ಕಂಟ್ರೋಲು ಕಿತ್ತುಕೊಂಡರು. ಅವತ್ತಿನಿಂದ ಪ್ರತಿ ಸಂಜೆ ಅರ್ಧ ಗಂಟೆ ನಮ್ಮಿಬ್ಬರದು. ಮೊದಲು ಕಿಟಕಿಯ ಪರದೆ ಎಳೆಯುವುದು, ಆಮೇಲೆ ಟಿವಿಯ ಸದ್ದು ಇಳಿಸುವುದು. ಸೊನ್ನೆ ಮಿಸ್ಸು ವಿಡಿಯೋ ಗೇಮ್ ಆಡುತ್ತಾರೆಂದು ಒಬ್ಬ ಹುಡುಗನಿಗೆ ಗೊತ್ತಾದರೂ ಅವರ ಇಪ್ಪತ್ತು ವರ್ಷದ ಗಾಂಭೀರ್ಯ ಮಣ್ಣುಪಾಲು. ಬಾಗಿಲಿಗೆ ಯಾರಾದರೂ ಬಂದರೆ ಅಮ್ಮ ಹೇಳಬೇಕಾದ ಮಾತನ್ನೂ ಅತ್ತೆಯೇ ಕಲಿಸಿಕೊಟ್ಟಿದ್ದರು: "ಪೇಪರ್ ತಿದ್ತಿದಾರೆ, ಆಮೇಲೆ ಬನ್ನಿ."

ಎಲ್ಲರ ಮನೆಯಲ್ಲೂ ಇದ್ದ ಜಗತ್ಪ್ರಸಿದ್ಧ ಆಟಗಳು ನಮ್ಮ ಮನೆಯಲ್ಲೂ ಇದ್ದವು. ಅವು ನಮಗೆ ಹಿಡಿಸಲಿಲ್ಲ. ನಮಗೆ ಹುಚ್ಚು ಹಿಡಿಸಿದ್ದು ಯಾರೂ ಕೇಳಿರದ ಒಂದು ಸರಣಿ. ಅದರ ನಿಜವಾದ ಹೆಸರು ಯಾವುದೋ ದೂರದೇಶದ ಲಿಪಿಯಲ್ಲಿತ್ತು. ನಮಗೆ ಓದಲು ಬರುತ್ತಿರಲಿಲ್ಲ. ಅದರಲ್ಲಿದ್ದದ್ದು ಒಂದು ಕಪ್ಪೆ. ತಲೆಗೆ ಟೋಪಿ, ಹೆಗಲಿಗೆ ಚೀಲ. ಮನೆಮನೆಗೆ ಪತ್ರ ತಲುಪಿಸುವ ಅಂಚೆಯ ಕಪ್ಪೆ. ಅತ್ತೆ ಅವನಿಗೆ ಮಂಡೂಕಪ್ಪ ಎಂದು ನಾಮಕರಣ ಮಾಡಿದರು.

ಮಂಡೂಕಪ್ಪನ ಕೈಯಲ್ಲಿ ಕೋವಿ ಇಲ್ಲ, ಕತ್ತಿ ಇಲ್ಲ. ಅವನು ಯಾರನ್ನೂ ಕೊಲ್ಲುವುದಿಲ್ಲ. ಹಳ್ಳ ಹಾರುತ್ತಾನೆ, ಗೋಡೆ ಹತ್ತುತ್ತಾನೆ, ನಾಯಿ ಬಂದರೆ ನಿಟ್ಟುಸಿರು ಬಿಟ್ಟು ಕೂತುಬಿಡುತ್ತಾನೆ. ಎಲ್ಲಕ್ಕಿಂತ ದೊಡ್ಡ ವಿಶೇಷವೆಂದರೆ, ನೀರಿಗೆ ಬಿದ್ದರೆ ಪತ್ರ ಒದ್ದೆಯಾಗುತ್ತದೆ. ಆಗ ಅವನು ದಡಕ್ಕೆ ಬಂದು, ಪತ್ರವನ್ನು ಬಂಡೆಯ ಮೇಲೆ ಹರವಿ, ಒಣಗುವವರೆಗೂ ಪಕ್ಕದಲ್ಲಿ ಕಾಯುತ್ತಾನೆ. ನಾವೂ ಕಾಯಬೇಕು. ಯಾವ ಗುಂಡಿ ಒತ್ತಿದರೂ ಏಳುವುದಿಲ್ಲ. ಅಷ್ಟು ಹೊತ್ತಿನಲ್ಲಿ ಅತ್ತೆ ಕಾಫಿ ಮುಗಿಸಿ ಎರಡು ಉತ್ತರಪತ್ರಿಕೆ ತಿದ್ದುತ್ತಿದ್ದರು. ಆದ್ದರಿಂದ ಅಮ್ಮ ಬಾಗಿಲಲ್ಲಿ ಹೇಳುತ್ತಿದ್ದ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ನನ್ನ ಗೆಳೆಯರು ಒಂದು ಸಲ ನೋಡಿ ಎದ್ದುಹೋದರು. "ಏನ್ ಗೇಮ್ ಗುರು ಇದು! ಒಂದು ಗನ್ನಿಲ್ಲ, ಫೈಟ್ ಇಲ್ಲ. ಕಾಗದ ಒಣಗೋದನ್ನ ಕೂತ್ಕೊಂಡು ನೋಡ್ಬೇಕಾ?" ಎಂದರು. ನಾನು ನಾಚಿಕೆಯಿಂದ ನಕ್ಕೆ. ಒಳಗೊಳಗೇ ಅವರ ಬಗ್ಗೆ ಕನಿಕರವಾಯಿತು.

ಅತ್ತೆಗೆ ಮಂಡೂಕಪ್ಪನ ವಿಷಯದಲ್ಲಿ ಒಂದೇ ಒಂದು ಕೊರಗು. ಪ್ರತಿ ಮನೆಯ ಮುಂದೂ ಅವನು ಬಾಗಿಲು ತಟ್ಟುತ್ತಾನೆ, ಬಾಗಿಲ ಸಂದಿಯಿಂದ ಒಂದು ಕೈ ಬರುತ್ತದೆ, ಪತ್ರ ತೆಗೆದುಕೊಳ್ಳುತ್ತದೆ, ಬಾಗಿಲು ಮುಚ್ಚುತ್ತದೆ. ಅಷ್ಟೇ. "ಅಲ್ಲಾ ಕಣೋ ಸೀನ," ಎಂದು ಅತ್ತೆ ಪ್ರತಿ ಸಲವೂ ಹೇಳುತ್ತಿದ್ದರು, "ಬಿಸಿಲಲ್ಲಿ ಬೆಂದು ಬಂದಿದಾನೆ. ಒಂದು ಲೋಟ ನೀರು ಬೇಕಾ ಅಂತ ಕೇಳೋ ಸೌಜನ್ಯ ಇಲ್ವಲ್ಲ ಈ ಜನಕ್ಕೆ!"

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹೆಣ್ಣು ನೋಡಲು ಮಲ್ಲೇಶ್ವರದ ಅವರ ಮನೆಗೆ ಹೋದಾಗ, "ಹುಡುಗನಿಗೆ ಏನಾದ್ರೂ ಹವ್ಯಾಸ?" ಎಂದು ಅವರಪ್ಪ ಕೇಳಿದರು. ಬುದ್ಧಿಯಿದ್ದವನು ಓದು, ಸಂಗೀತ ಎನ್ನುತ್ತಿದ್ದ. ನಾನು ಮಂಡೂಕಪ್ಪನ ಒಂದನೇ ಭಾಗ, ಎರಡನೇ ಭಾಗ, ಅವೆರಡಕ್ಕೂ ಇರುವ ವ್ಯತ್ಯಾಸ ಇಷ್ಟನ್ನೂ ವಿವರಿಸಿದೆ. ಉಪ್ಪಿಟ್ಟು ಆರಿತು. ನಮ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳತೊಡಗಿದರು. ಆಗ ಹುಡುಗಿ ಮೊದಲ ಸಲ ಬಾಯಿಬಿಟ್ಟು, "ಪತ್ರ ಒಣಗೋವರೆಗೂ ನೀವೇನ್ ಮಾಡ್ತೀರಿ?" ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರೇ ಇರಲಿಲ್ಲ. ನಾನು ಅಲ್ಲೇ ಒಪ್ಪಿಬಿಟ್ಟೆ. ಅವಳೂ ಒಪ್ಪಿದಳು, ಯಾಕೆಂದು ಇನ್ನೂ ಹೇಳಿಲ್ಲ.

ಸರಿ, ಎಲ್ಲಿದ್ದೆ? ಮೂರನೇ ಭಾಗ. ಅದೇ ಈ ಕಥೆಯ ಮುಳ್ಳು.

ಮೊದಲೆರಡು ಭಾಗ ನಮ್ಮ ಸ್ವಂತದ್ದು. ಮೂರನೆಯದು ಮಾತ್ರ ಎಲ್ಲೂ ಸಿಗದೆ, ಕೊನೆಗೆ ನಮ್ಮ ಬೀದಿಯ ನಂಜುಂಡಣ್ಣನ ಅಂಗಡಿಯಲ್ಲಿ ಬಾಡಿಗೆಗೆ ಸಿಕ್ಕಿತು. ಮುಂದೆ ಗೋಲಿಸೋಡ, ಹಿಂದೆ ಕ್ಯಾಸೆಟ್ಟು, ಅಂಥ ಅಂಗಡಿ. ಆಟ ಭಾರೀ ಉದ್ದದ್ದು. ಆದರೆ ಒಂದು ಅನುಕೂಲವಿತ್ತು. ಪ್ರತಿ ಘಟ್ಟ ಮುಗಿದಾಗ ಪರದೆಯ ಮೇಲೆ ಎಂಟು ಅಕ್ಷರದ ಒಂದು ಪಾಸ್‌ವರ್ಡು ಬರುತ್ತಿತ್ತು. ಅದನ್ನು ಬರೆದಿಟ್ಟುಕೊಂಡರೆ ಮರುದಿನ ಅಲ್ಲಿಂದಲೇ ಶುರು ಮಾಡಬಹುದು. ಅಕ್ಷರಗಳೋ, ಅದೇ ದೂರದೇಶದ ಲಿಪಿ. ಆದ್ದರಿಂದ ಅತ್ತೆ ಒಂದು ನೋಟ್‌ಬುಕ್ಕಿನಲ್ಲಿ ಅವನ್ನು ಚಿತ್ರದಂತೆ ನಕಲು ಮಾಡುತ್ತಿದ್ದರು, ಕೆಳಗೆ ನಾವೇ ಇಟ್ಟ ಹೆಸರು. ಸುರುಳಿಯಾಗಿದ್ದದ್ದು ಚಕ್ಕುಲಿ. ಮೇಲೆ ಬಾಗಿದ್ದದ್ದು ಛತ್ರಿ. ಆಮೇಲೆ ಇಕ್ಕಳ, ಎರಡು ಜಡೆ, ಹಲ್ಲಿಬಾಲ, ಸೌಟು, ಮುರುಕು ಕುರ್ಚಿ. ಅತ್ತೆ ಓದಿ ಹೇಳುತ್ತಿದ್ದರು, ನಾನು ಗುಂಡಿ ಒತ್ತುತ್ತಿದ್ದೆ. ಹೊರಗಿನಿಂದ ಕೇಳಿದವರು ಯಾವುದೋ ಮನೆ ಖಾಲಿ ಮಾಡುವ ಸಾಮಾನಿನ ಪಟ್ಟಿ ಎಂದುಕೊಳ್ಳಬೇಕು.

ಹೀಗೆ ಆಡುತ್ತಾ ನವರಾತ್ರಿಯ ಹೊತ್ತಿಗೆ ಕೊನೆಯ ಘಟ್ಟಕ್ಕೆ ಬಂದೆವು. ಚೀಲದಲ್ಲಿ ಒಂದೇ ಪತ್ರ ಉಳಿದಿತ್ತು. ಒಂದು ದ್ವೀಪ, ಗುಡ್ಡದ ನೆತ್ತಿಯಲ್ಲಿ ಒಂದು ಮನೆ. ಪಾಸ್‌ವರ್ಡು ಬರೆದುಕೊಂಡು, "ನಾಳೆ ನೋಡೇಬಿಡೋಣ ಆ ಮನೇಲಿ ಯಾರಿದಾರೆ ಅಂತ" ಎಂದು ಅತ್ತೆ ಟಿವಿ ಆರಿಸಿದರು.

ನಾಳೆ ಸರಸ್ವತಿ ಪೂಜೆ. ಅವತ್ತು ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ, ಓದುವ ಹಾಗಂತೂ ಇಲ್ಲವೇ ಇಲ್ಲ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದೇವರು ಯಾರಿದ್ದಾರೆ ಹೇಳಿ! ನಾನು ಬೆಳಿಗ್ಗೆ ಎದ್ದವನೇ ಮನೆಯಲ್ಲಿ ಪುಸ್ತಕದಂತೆ ಕಂಡದ್ದನ್ನೆಲ್ಲ ಬಾಚಿ ತಂದು ದೇವರ ಮುಂದೆ ಪೇರಿಸಿದೆ. ಇತಿಹಾಸ, ವಿಜ್ಞಾನ, ರಫ್ ನೋಟ್ಸು, ಹಳೇ ಪ್ರಶ್ನೆಪತ್ರಿಕೆ, ಏನೂ ಉಳಿಯಬಾರದು. ಅಜ್ಜಿ ರಾಶಿಯ ಮೇಲೆ ರೇಷ್ಮೆ ಬಟ್ಟೆ ಹೊದಿಸಿ, ಅರಿಶಿನ ಕುಂಕುಮವಿಟ್ಟು, ಮಂಗಳಾರತಿ ಎತ್ತಿದರು. ನಾನು ಭಕ್ತಿಯಿಂದ ಕೈಮುಗಿದೆ. ಸಂಜೆ ಅತ್ತೆ ಬಂದು, ಪರದೆ ಎಳೆದು, "ಎಲ್ಲೋ ನಮ್ಮ ನೋಟ್‌ಬುಕ್ಕು?" ಎಂದಾಗ ನಾನು ದೇವರ ಮನೆಯ ಕಡೆ ತಿರುಗಿ ನೋಡಿದೆ.

ನೋಟ್‌ಬುಕ್ಕು ರಾಶಿಯೊಳಗಿತ್ತು. ಅಜ್ಜಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ಪೂಜೆಗಿಟ್ಟಿದ್ದು ಮುಟ್ಟಿದ್ರೆ ವಿದ್ಯೆ ಹತ್ತಲ್ಲ. ಟೀಚರಾಗಿ ನಿನಗೆ ಹೇಳ್ಕೊಡ್ಬೇಕಾ ಪದ್ಮಾ?" ಎಂದರು. ರಾತ್ರಿ ಚಾಪೆಯನ್ನೂ ದೇವರ ಮನೆಯ ಹೊಸಿಲಿಗೇ ಹಾಸಿಕೊಂಡರು.

"ಅದನ್ನ ಯಾರು ಇಟ್ಟಿದ್ದು?" ಎಂದು ಅತ್ತೆ ನನ್ನನ್ನು ಕೇಳಿದರು.

"ಅಜ್ಜಿ ಇರ್ಬೇಕು" ಎಂದೆ.

ಹೌದು, ಹೇಳಿಬಿಟ್ಟೆ. ಪಾಪದ ಅಜ್ಜಿ ಅದನ್ನು ಕೇಳಿಸಿಕೊಂಡು, "ಯಾರಿಟ್ರೇನು, ಸರಸ್ವತಿ ಹತ್ರ ಸೇರ್ತಲ್ಲ" ಎಂದು ಆರೋಪವನ್ನು ಸಂತೋಷದಿಂದ ಹೊತ್ತುಕೊಂಡರು. ಅತ್ತೆ ಮುಖ ಸಣ್ಣಗೆ ಮಾಡಿಕೊಂಡು, "ಹೋಗ್ಲಿ ಬಿಡು, ದಶಮಿ ದಿನ ಆಡಿದ್ರಾಯ್ತು" ಎಂದರು.

ಆದರೆ ದಶಮಿಯವರೆಗೆ ಕ್ಯಾಸೆಟ್ಟೇ ಇರುವಂತಿರಲಿಲ್ಲ. ಮಾರನೇ ಬೆಳಿಗ್ಗೆ ನಂಜುಂಡಣ್ಣ ಮನೆಮನೆಗೂ ಬಂದು ಸಾರಿದ: "ನಾಳಿದ್ದು ಆಯುಧಪೂಜೆ. ಎಲ್ಲಾ ಕ್ಯಾಸೆಟ್ಟೂ ನಾಳೆ ಸಂಜೆಯೊಳಗೆ ಅಂಗಡೀಲಿರ್ಬೇಕು. ನನ್ನ ಆಯುಧ ಅವೇ ತಾನೆ, ಪೂಜೆಗೆ ಇಡ್ದೆ ಇರೋಕಾಗತ್ತಾ?" ನೋಟ್‌ಬುಕ್ಕು ಒಂದು ಪೂಜೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು, ಕ್ಯಾಸೆಟ್ಟನ್ನು ಇನ್ನೊಂದು ಪೂಜೆ ಕರೆಯುತ್ತಿತ್ತು. ನಡುವೆ ನಾವಿಬ್ಬರು.

ಕೊಡಬೇಕಾದ ದಿನ ದುರ್ಗಾಷ್ಟಮಿ. ಮಧ್ಯಾಹ್ನ ಅಜ್ಜಿ, ಅಮ್ಮ, ನಾನು ಗೊಂಬೆ ನೋಡಲು ಮಲ್ಲೇಶ್ವರದ ನೆಂಟರ ಮನೆಗೆ ಹೊರಟೆವು. ಅತ್ತೆ ತಲೆನೋವೆಂದು ಬರಲಿಲ್ಲ. ಅದು ಬೇಸರದ ತಲೆನೋವು ಎಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ಏಳು ಮೆಟ್ಟಿಲು ತುಂಬ ಗೊಂಬೆ, ಕೈತುಂಬ ಕಡಲೆ ಉಸಲಿ. ನಾನು ಒಂದು ಕಾಳನ್ನೂ ಮುಟ್ಟಲಿಲ್ಲ. ಸಂಜೆ ಬಂದು, ಅತ್ತೆಯ ಮುಖ ನೋಡಲಾಗದೆ, ಟಿವಿ ಗೇಮಿನ ಪಕ್ಕದಲ್ಲಿದ್ದ ಕ್ಯಾಸೆಟ್ಟು ಎತ್ತಿಕೊಂಡು ನಂಜುಂಡಣ್ಣನ ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ಅದು ಅಂಗೈಗೆ ಬೆಚ್ಚಗಿತ್ತು. ಕಿಟಕಿಯ ಬಿಸಿಲಿಗೆ ಕಾದಿರಬೇಕು ಎಂದುಕೊಂಡೆ.

ನಂಜುಂಡಣ್ಣನ ಭಕ್ತಿ ದೊಡ್ಡದು. ಒಂದೊಂದು ಕ್ಯಾಸೆಟ್ಟಿಗೂ ಗಂಧ ಬಳಿದು, ಕುಂಕುಮ ಮೆತ್ತಿ, ಮೇಲೆ ತೀರ್ಥ ಪ್ರೋಕ್ಷಣೆ ಮಾಡಿದ್ದ. ದಶಮಿಯ ದಿನ ನೋಟ್‌ಬುಕ್ಕು ಹಿಡಿದು ಓಡಿದರೆ, ಮಂಡೂಕಪ್ಪನ ಮೂರನೇ ಭಾಗದ ಹಲ್ಲುಗಳೆಲ್ಲ ಕೆಂಪಾಗಿದ್ದವು. ಊದುಗೊಳವೆಗೂ ಜಗ್ಗಲಿಲ್ಲ. ಬೇರೆ ಕಡೆ ಹುಡುಕೋಣವೆಂದರೆ, ಕಲಾಸಿಪಾಳ್ಯದಿಂದ ಶೇಷಾದ್ರಿಪುರದವರೆಗೆ ಕೇಳಿದ ಅಂಗಡಿಯವರೆಲ್ಲ, "ಕಪ್ಪೆನಾ? ಪೋಸ್ಟ್‌ಮ್ಯಾನಾ?" ಎಂದು ನಕ್ಕರು.

ಆ ದಸರೆಯ ನಂತರ ಮನೆಯಲ್ಲಿ ಒಂದು ವಿಚಿತ್ರವಾಯಿತು. ನಮ್ಮ ಬೀದಿಯ ಅಂಚೆಯವರು ಕೆಂಪಯ್ಯ. ಅದುವರೆಗೆ ಅತ್ತೆ ಅವರೊಡನೆ ಆಡಿದ್ದು ಒಂದೇ ಮಾತು, "ಯಾಕಿಷ್ಟು ಲೇಟು?" ಈಗ ರಜಾದಿನಗಳಲ್ಲಿ ಅವರನ್ನು ಕರೆದು ಜಗಲಿಯಲ್ಲಿ ಕೂರಿಸಿ, ತಾವೇ ಕಾಫಿ ತಂದುಕೊಡತೊಡಗಿದರು. "ಟೋಪಿ ತೆಗೀರಿ, ಸ್ವಲ್ಪ ಗಾಳಿ ಆಡ್ಲಿ" ಎನ್ನುತ್ತಿದ್ದರು. ಮೇಡಮ್ಮನವರಿಗೆ ಟ್ರಾನ್ಸ್‌ಫರ್ ಪತ್ರವೇನಾದರೂ ಬರಬೇಕಿದೆಯೇ ಎಂದು ಕೆಂಪಯ್ಯ ಗುಟ್ಟಾಗಿ ನಮ್ಮಮ್ಮನನ್ನು ಕೇಳಿದ್ದರಂತೆ. ನನಗೆ ಮಾತ್ರ ಕಾರಣ ಗೊತ್ತು ಅನ್ನಿಸಿತು. ಮಂಡೂಕಪ್ಪನನ್ನು ಕಳೆದುಕೊಂಡ ದುಃಖವನ್ನು ಅತ್ತೆ ಹೀಗೆ ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಗೋಡೆಯ ಹಿಂದೆ ನಿಂತು ಕಣ್ಣೊರೆಸಿಕೊಂಡಿದ್ದೇನೆ.

ಮೂವತ್ತು ವರ್ಷ ಮೀರಿತು. ಅಜ್ಜಿ ಹೋದರು, ನಾವು ತ್ಯಾಗರಾಜನಗರಕ್ಕೆ ಬಂದೆವು. ಅತ್ತೆಗೆ ಈಗ ಎಪ್ಪತ್ತೇಳು. ಮುಂದಿನ ಕೋಣೆ ಅವರದು. ಪತ್ರಿಕೆಯ ಸುಡೋಕುವನ್ನು ಪೆನ್ನಿನಲ್ಲೇ ತುಂಬುತ್ತಾರೆ, ಪೆನ್ಸಿಲು ಹಿಡಿಯುವವರು ಹೇಡಿಗಳೆಂದು ಅವರ ಮತ. ನಾನು ಎಷ್ಟೋ ಆಟ ಆಡಿದೆ, ಎಷ್ಟೋ ಮರೆತೆ. ಗುಡ್ಡದ ನೆತ್ತಿಯ ಆ ಮನೆಯನ್ನು ಮಾತ್ರ ಮರೆಯಲಾಗಲಿಲ್ಲ. ನನ್ನ ಮೈಗಳ್ಳತನದಿಂದ ಅತ್ತೆ ಅದನ್ನು ನೋಡದೇ ಉಳಿದರಲ್ಲ, ಸಾಲದ್ದಕ್ಕೆ ತಪ್ಪನ್ನು ಅಜ್ಜಿಯ ತಲೆಗೆ ಕಟ್ಟಿದೆನಲ್ಲ ಎಂದು ಪ್ರತಿ ದಸರೆಯಲ್ಲೂ ಕೊರೆಯುತ್ತಿತ್ತು. ಅವರ ಕಣ್ಣಿಗೆ ಒಮ್ಮೆ ಆ ಮನೆ ತೋರಿಸಿಬಿಟ್ಟರೆ ಸಾಕೆನ್ನಿಸುತ್ತಿತ್ತು.

ಈ ವರ್ಷ ಗೊಂಬೆಯ ಟ್ರಂಕು ಅಟ್ಟದಿಂದ ಇಳಿಸಿದಾಗ, ತಳದಲ್ಲಿ ಹಾಸಿದ್ದ ಕಾಗದಗಳ ನಡುವೆ ಆ ನೋಟ್‌ಬುಕ್ಕು ಸಿಕ್ಕಿತು. ಮೇಲೆ ಅಜ್ಜಿ ಇಟ್ಟ ಕುಂಕುಮ ಇನ್ನೂ ಕೆಂಪಗಿತ್ತು. ಮೇಘಾ ಅದನ್ನು ತಿರುವಿಹಾಕಿ, "ಅಪ್ಪಾ, ಏನಿದು? ಚಕ್ಕುಲಿ, ಛತ್ರಿ, ಇಕ್ಕಳ?" ಎಂದಳು. ನಾನು ನೆಲದಲ್ಲೇ ಕೂತು ಎಲ್ಲವನ್ನೂ ಹೇಳಿದೆ, ಅಜ್ಜಿಯ ಮೇಲೆ ಹೇಳಿದ ಸುಳ್ಳೊಂದನ್ನು ಬಿಟ್ಟು. ಅವಳು ಸುಮ್ಮನೆ ಕೇಳಿ, ಫೋನಿನಲ್ಲಿ ಎರಡು ದಿನ ಜಾಲಾಡಿ, ಹಳೇ ಟಿವಿ ಗೇಮುಗಳನ್ನು ಕೂಡಿಡುವ ಒಬ್ಬರನ್ನು ಹುಡುಕಿದಳು. ಎಲ್ಲಿ ಅಂತೀರಿ? ಅದೇ ಶೇಷಾದ್ರಿಪುರದಲ್ಲಿ! ಮೂರನೇ ಭಾಗವೂ ಅವರ ಬಳಿ ಇತ್ತು, ಆಡುವ ಪೆಟ್ಟಿಗೆಯೂ ಇತ್ತು. ಹೊಸ ಟಿವಿಗೆ ಹೊಂದಿಸುವ ವೈರನ್ನೂ ಕೊಟ್ಟರು. ಹಳೇ ಪಾಸ್‌ವರ್ಡು ಯಾವ ಕ್ಯಾಸೆಟ್ಟಿಗಾದರೂ ನಡೆಯುತ್ತದೆ ಎಂದು ಧೈರ್ಯವನ್ನೂ ಹೇಳಿದರು. ಹೊರಡುವಾಗ ಮಾತ್ರ, "ಆಯುಧಪೂಜೆ ಹೊತ್ತಿಗೆ ವಾಪಸ್ ಬೇಕು ಸಾರ್, ಎಲ್ಲವನ್ನೂ ಪೂಜೆಗೆ ಇಡ್ತೀನಿ" ಎಂದರು.

ಈ ಊರು ಪೂರ್ತಿ ಬದಲಾಗಿದೆ ಎನ್ನುವವರು ನನ್ನ ಜೊತೆ ಬರಬೇಕಿತ್ತು. "ಇಡಿ, ಖಂಡಿತ ಇಡಿ," ಎಂದು ನಾನು ಅವರ ಕೈ ಹಿಡಿದುಕೊಂಡೆ, "ಕುಂಕುಮ ಮಾತ್ರ ದೂರದಿಂದ."

ಭಾನುವಾರ ಬೆಳಿಗ್ಗೆ ಅತ್ತೆಯನ್ನು ಕರೆದು ನಡುಮನೆಯಲ್ಲಿ ಕೂರಿಸಿದೆವು. ಹೆಂಡತಿ ಕಾಫಿ ತಂದಳು. ಪೆಟ್ಟಿಗೆ ನೋಡಿದ್ದೇ ತಡ, ಅತ್ತೆ ಎದ್ದುಹೋಗಿ ಕಿಟಕಿಯ ಪರದೆ ಎಳೆದುಬಂದರು. ಕ್ಯಾಸೆಟ್ಟು ತುರುಕಿದೆ. ಕಲಸುಮೇಲೋಗರ. ಊದಲು ಬಾಯಿಗೆ ತಂದೆ.

"ತಡಿ, ಎಂಜಲು!" ಎಂದು ಅತ್ತೆ ಒಳಗೆ ಹೋಗಿ, ತಮ್ಮ ಬೀರುವಿನಿಂದ ಅಜ್ಜಿಯ ಊದುಗೊಳವೆ ತಂದರು. ಅದು ಇನ್ನೂ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಊದಿದೆ. ಪರದೆಯ ಮೇಲೆ ಮಂಡೂಕಪ್ಪ ಟೋಪಿ ಸರಿಮಾಡಿಕೊಂಡ.

ನಾನು ನೋಟ್‌ಬುಕ್ಕು ನೋಡಿ ಒಂದೊಂದೇ ಅಕ್ಷರ ಹಾಕತೊಡಗಿದೆ. ಚಕ್ಕುಲಿ. ಛತ್ರಿ. ಇಕ್ಕಳ. ಎರಡು ಜಡೆ. ಮುಂದಿನ ಎರಡರ ಮೇಲೆ ಕುಂಕುಮ ಇಳಿದು ಹರಡಿತ್ತು, ಏನೂ ಕಾಣಲಿಲ್ಲ.

"ಹಲ್ಲಿಬಾಲ, ಸೌಟು," ಎಂದರು ಅತ್ತೆ, ಕಾಫಿ ಹೀರುತ್ತಾ. "ಆಮೇಲೆ ಮುರುಕು ಕುರ್ಚಿ, ಮತ್ತೆ ಚಕ್ಕುಲಿ."

ಗಣಿತದ ತಲೆ ಎಂದರೆ ಇದು ಎಂದು ನಾನೂ ಮೇಘಾಳೂ ಮುಖ ಮುಖ ನೋಡಿಕೊಂಡೆವು. ಘಟ್ಟ ತೆರೆಯಿತು. ದ್ವೀಪ, ಗುಡ್ಡ, ನೆತ್ತಿಯ ಮನೆ. ಎರಡು ಸಲ ಸಮುದ್ರಕ್ಕೆ ಬಿದ್ದೆ, ಎರಡು ಸಲವೂ ಪತ್ರ ಒಣಗುವವರೆಗೆ ಎಲ್ಲರೂ ಕಾಯ್ದೆವು. ಕೊನೆಗೆ ಗುಡ್ಡದ ಬುಡಕ್ಕೆ ಬಂದರೆ ಎದುರಿಗೆ ಎತ್ತರದ ಗೋಡೆ. ಪಕ್ಕದಲ್ಲಿ ಒಂದು ಬಾವಿ. ಮೂರು ಭಾಗಗಳುದ್ದಕ್ಕೂ ನಾವು ಬಾವಿ ಕಂಡರೆ ಹಾರಿ ದಾಟಿದವರು. ಬಿದ್ದರೆ ಕಥೆ ಮುಗಿಯಿತು. ಗೋಡೆ ಹತ್ತಲು ನೋಡಿದೆ, ಜಾರಿದೆ. ಮತ್ತೆ ನೋಡಿದೆ, ಮತ್ತೆ ಜಾರಿದೆ. ಐದನೇ ಸಲಕ್ಕೆ ಅತ್ತೆಯ ತಾಳ್ಮೆ ಕೆಟ್ಟಿತು.

"ಅಯ್ಯೋ ದಡ್ಡ! ಬಾವಿ ಒಳಗೆ ಇಳಿಯೋ! ಅದ್ರಲ್ಲಿ ನೀರಿಲ್ಲ. ಕೆಳಗೆ ಎಡಗಡೆ ದಾರಿ ಇದೆ."

ನಾನು ಆಟ ನಿಲ್ಲಿಸಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

"ಅತ್ತೆ, ಈ ಘಟ್ಟ ನಾವು ನೋಡೇ ಇಲ್ಲ. ನಿಮಗೆ ಹೇಗೆ ಗೊತ್ತು?"

ಅತ್ತೆ ಲೋಟ ಕೆಳಗಿಟ್ಟರು. ಸಾವಿರಾರು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಸೊನ್ನೆ ಮಿಸ್ಸು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಸೆರಗಿನ ತುದಿ ಸುತ್ತತೊಡಗಿದರು.

"ಅವತ್ತು ಅಷ್ಟಮಿ ದಿನ... ನೀವೆಲ್ಲಾ ಗೊಂಬೆ ನೋಡೋಕೆ ಹೋದ್ರಲ್ಲ," ಎಂದರು. "ನೀವು ಹೊರಡೋ ಹೊತ್ತಿಗೆ ಪಾಸ್‌ವರ್ಡು ತಾನಾಗೇ ನೆನಪಿಗೆ ಬಂತು. ಸರಿಯಾಗಿದ್ಯಾ ಅಂತ ಸುಮ್ನೆ ಹಾಕಿ ನೋಡಿದೆ. ತೆಗೀತು. ಆಮೇಲೆ ಬಿಡೋಕಾಗ್ಲಿಲ್ಲ ಕಣೋ."

"ತಲೆನೋವು?"

"ಎಲ್ಲೀ ತಲೆನೋವು! ಮುಗಿಸಿ ಎದ್ದಾಗ ನೀನು ಸಪ್ಪೆ ಮುಖ ಹಾಕ್ಕೊಂಡು ಬಂದೆ. ಹೇಗ್ ಹೇಳ್ಲಿ? ಮಗೂನ ಬಿಟ್ಟು ಒಬ್ಬಳೇ ಹೋಳಿಗೆ ತಿಂದ ಹಾಗಾಗಿತ್ತು. ದಶಮಿ ದಿನ ನೀನು ನೋಡ್ತೀಯಲ್ಲ ಅಂತ ಸುಮ್ನಿದ್ದೆ. ಆ ನಂಜುಂಡಣ್ಣ ಹೀಗೆ ಅಭಿಷೇಕ ಮಾಡ್ತಾನೆ ಅಂತ ಯಾರಿಗ್ ಗೊತ್ತಿತ್ತು! ಆಮೇಲೆ ಪ್ರತಿ ದಸರಾಕ್ಕೂ ಹೇಳೋಣ ಅನ್ಕೋತೀನಿ, ಬಾಯಿ ಬರಲ್ಲ."

ಅಂಗೈಗೆ ಬೆಚ್ಚಗಿದ್ದ ಕ್ಯಾಸೆಟ್ಟು ನೆನಪಾಯಿತು. ಬಿಸಿಲಂತೆ, ಕಿಟಕಿಯಂತೆ! ಮೂವತ್ತು ವರ್ಷ ನಾನು ಯಾರಿಗಾಗಿ ಕೊರಗಿದೆನೋ ಅವರು ಅವತ್ತೇ ಗುಡ್ಡ ಹತ್ತಿ ಇಳಿದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನಗುವಿನ ನಡುವೆಯೇ ನನ್ನದನ್ನೂ ಕಕ್ಕಿಬಿಟ್ಟೆ.

"ಅತ್ತೆ, ನೋಟ್‌ಬುಕ್ಕು ಪೂಜೆಗೆ ಇಟ್ಟಿದ್ದು ಅಜ್ಜಿ ಅಲ್ಲ. ನಾನು."

"ಗೊತ್ತು," ಎಂದರು ಅತ್ತೆ. "ನಿಮ್ಮಜ್ಜೀನೇ ಅವತ್ತು ಹೇಳಿದ್ಲು. 'ಮಗು ಹೆದರಿದೆ ಪದ್ಮಾ, ಕೇಳ್ಬೇಡ' ಅಂದ್ಲು."

ಮೇಘಾ ಮೆಲ್ಲಗೆ, "ಅಪ್ಪಾ, ಬಾವಿ" ಎಂದಳು.

ಇಳಿದೆ. ನಿಜಕ್ಕೂ ನೀರಿರಲಿಲ್ಲ. ಎಡಗಡೆ ದಾರಿಯಿತ್ತು. ಮಂಡೂಕಪ್ಪ ಗುಡ್ಡದ ನೆತ್ತಿಗೆ ಬಂದು ಬಾಗಿಲು ತಟ್ಟಿದ. ಬಾಗಿಲು ಸಂದಿಯಷ್ಟಲ್ಲ, ಪೂರ್ತಿ ತೆರೆಯಿತು. ಬರೀ ಕೈಯಲ್ಲ, ಒಬ್ಬ ಅಜ್ಜಿ ಹೊರಗೆ ಬಂದಳು. ಪತ್ರ ತೆಗೆದುಕೊಂಡಳು. ಜಗಲಿಯನ್ನು ತಟ್ಟಿ ತೋರಿಸಿದಳು. ಮಂಡೂಕಪ್ಪ ಮೂರು ಭಾಗಗಳಲ್ಲಿ ಮೊದಲ ಸಲ ಟೋಪಿ ತೆಗೆದು ಪಕ್ಕದಲ್ಲಿಟ್ಟು ಕೂತ. ಅಜ್ಜಿ ಒಳಗೆ ಹೋಗಿ ಒಂದು ಲೋಟ ತಂದುಕೊಟ್ಟಳು. ಲೋಟದಿಂದ ಹಬೆ ಏಳುತ್ತಿತ್ತು. ಅಷ್ಟೇ, ಆಟ ಮುಗಿಯಿತು.

ಜಗಲಿಯಲ್ಲಿ ಟೋಪಿ ತೆಗೆದು ಕಾಫಿ ಕುಡಿಯುತ್ತಿದ್ದ ಕೆಂಪಯ್ಯ ನನ್ನ ಕಣ್ಣ ಮುಂದೆ ಬಂದರು. ದುಃಖವಂತೆ! ಅತ್ತೆಗೆ ಅದು ಸಂತೋಷವಾಗಿತ್ತು. ಯಾರಿಗೂ ಹೇಳಲಾಗದೆ, ಒಳಗೆ ಇಟ್ಟುಕೊಳ್ಳಲೂ ಆಗದೆ, ವರ್ಷಗಟ್ಟಲೆ ಒಬ್ಬ ಬಡಪಾಯಿ ಅಂಚೆಯವರಿಗೆ ಲೋಟ ಲೋಟವಾಗಿ ಕುಡಿಸಿದ್ದರು.

ತಿರುಗಿ ನೋಡಿದರೆ ಅತ್ತೆ ಪರದೆಯನ್ನು ನೋಡುತ್ತಲೇ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು, ಎಷ್ಟು ಹೊತ್ತಿನಿಂದಲೋ. ಕಣ್ಣು ತುಂಬಿತ್ತು, ಬಾಯಿ ತುಂಬ ನಗು. ಊದುಗೊಳವೆಯನ್ನು ನನ್ನ ಕೈಗೆ ತುರುಕಿದರು.

"ಇನ್ನೊಂದ್ಸಲ ಹಾಕು ಸೀನ," ಎಂದರು. "ಈ ಸಲ ಇಬ್ರೂ ಮೊದಲನೇ ಸಲ ನೋಡೋಣ."